ಕಾಫಿ ಕೊಂಬುಚಾ ಮಾಡುವವರಿಗೆ

ಕೊಂಬುಚಾ ಅಂದರೆ ಸಿಹಿ ಟೀಯನ್ನು ಹುಳಿ ಬರಿಸಿ ಮಾಡುವ ಪಾನೀಯ. ಇಲ್ಲಿ ಟೀ ಬದಲು ಕಾಫಿ. ಮೊದಲು ಪುಡಿ ಸರಿಯಾಗಿ ತನ್ನಿ. ಗಾಂಧಿ ಬಜಾರ್ ಆಗಲಿ, ಮಲ್ಲೇಶ್ವರ ಆಗಲಿ, ಅಂಗಡಿಯಲ್ಲಿ "ಚಿಕೋರಿ ಬೇಡ, ಪ್ಯೂರ್ ಕಾಫಿ ಕೊಡಿ" ಅಂತ ಬಾಯಿಬಿಟ್ಟು ಹೇಳಿ. ಚಿಕೋರಿಯ ಕಹಿ ಹಾಲಿನ ಜೊತೆ ಚೆನ್ನ, ಹುಳಿಯ ಜೊತೆ ಹೊಂದಲ್ಲ. ನಾನು ಚಿಕ್ಕಮಗಳೂರಿನ ಅರೇಬಿಕಾ ತರುತ್ತೇನೆ. ರೋಬಸ್ಟಾಗಿಂತ ಅದರಲ್ಲಿ ಕಹಿಯೂ ಕಡಿಮೆ, ಕೆಫೀನೂ ಕಡಿಮೆ.

ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಇದಕ್ಕೆ ಬೇಡ. ಒಂದು ಲೀಟರ್ ನೀರು ಕುದಿಸಿ ಇಳಿಸಿ, 40 ಗ್ರಾಂ ಪುಡಿ ಹಾಕಿ ಐದು ನಿಮಿಷ ಮುಚ್ಚಿಡಿ. ಪೇಪರ್ ಫಿಲ್ಟರಿನಲ್ಲಿ ಸೋಸಿದರೆ ಎಣ್ಣೆಯ ಅಂಶ, ಚರಟ ಎರಡೂ ಅಲ್ಲೇ ಉಳಿಯುತ್ತವೆ. ಬಿಸಿ ಇರುವಾಗಲೇ 80 ಗ್ರಾಂ ಸಕ್ಕರೆ ಕರಗಿಸಿ. ಸಕ್ಕರೆ ಕಡಿಮೆ ಮಾಡೋಣ ಅನ್ನಿಸುತ್ತೆ ಅಲ್ವಾ? ಬೇಡ. ಅದು ಯೀಸ್ಟಿನ ಊಟ. ಯೀಸ್ಟ್ ಸಕ್ಕರೆಯನ್ನು ಸ್ವಲ್ಪ ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಹುಳಿಯಾಗಿಸುತ್ತದೆ.

ಕಾಫಿ ಪೂರ್ತಿ ಆರಬೇಕು. ಜಾಡಿ ಮುಟ್ಟಿದರೆ ಬೆಚ್ಚಗಿದ್ದರೂ ಕಾಯಿರಿ. ಆಮೇಲೆ ಅಗಲ ಬಾಯಿಯ ಗಾಜಿನ ಜಾಡಿಗೆ ಸುರಿದು, ಸ್ಕೋಬಿಯನ್ನು (ಯೀಸ್ಟ್, ಬ್ಯಾಕ್ಟೀರಿಯಾ ಸೇರಿ ಕಟ್ಟಿಕೊಂಡ ಲೋಳೆಯಂಥ ಪದರ) ಒಳಗೆ ಇಳಿಸಿ, ಹಿಂದಿನ ಸಲದ ಹುಳಿ ಕೊಂಬುಚಾ ಮುಕ್ಕಾಲು ಲೋಟ ಹೆಪ್ಪು ಹಾಕಿ. ಈ ಹೆಪ್ಪನ್ನು ಬಿಡಲೇಬೇಡಿ. ಶುರುವಿನಲ್ಲೇ ಹುಳಿ ಇದ್ದರೆ ಕೆಟ್ಟ ಕ್ರಿಮಿಗಳು ತಲೆ ಎತ್ತಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ತಿನ್ನುತ್ತದೆ, ಅವನ್ನು ದೂರ ಇಡಿ. ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ. ತೆಳು ಜಾಳಿಗೆಯಲ್ಲಿ ಗುಂಗುರು ನುಗ್ಗುತ್ತದೆ. ಟೀಗೆ ಇಟ್ಟಿರುವ ಸ್ಕೋಬಿಯಲ್ಲಿ ಒಂದು ಪದರ ಬಿಡಿಸಿ ಕಾಫಿಗೆ ಬೇರೆ ಮಾಡಿಕೊಳ್ಳಿ. ಕಾಫಿಯಲ್ಲಿ ಮುಳುಗಿದ್ದನ್ನು ಮತ್ತೆ ಟೀಗೆ ಹಾಕಿದರೆ ಟೀ ರುಚಿ ಕೆಡುತ್ತದೆ.

ಏಪ್ರಿಲ್ ಸೆಕೆಯಲ್ಲಿ ನಾಲ್ಕನೇ ದಿನದಿಂದಲೇ ರುಚಿ ನೋಡಿ. ಡಿಸೆಂಬರ್ ಚಳಿಗೆ ವಾರ ದಾಟುತ್ತದೆ. ಮೇಲೆ ಕೆನೆಯ ಹಾಗೆ ತೆಳು ಪದರ ಕಟ್ಟುತ್ತದೆ, ಕೆಳಗೆ ಕಂದು ಎಳೆಗಳು ಜೋತಾಡುತ್ತವೆ. ಎರಡೂ ಸರಿಯೇ. ಆದರೆ ಪದರದ ಮೇಲೆ ಒಣಗಿದ, ನವಿರು ಕೂದಲಿನಂಥ ಬಿಳಿ, ಹಸಿರು, ಕಪ್ಪು ಬೂಷ್ಟು ಕಂಡರೆ ಸ್ಕೋಬಿ ಸಮೇತ ಎಲ್ಲ ಚೆಲ್ಲಿ. ಮೇಲಿನದಷ್ಟೇ ತೆಗೆದು ಉಳಿಸಿಕೊಳ್ಳಬೇಡಿ. ಪಿಎಚ್ ಪಟ್ಟಿ (ಹುಳಿ ಅಳೆಯುವ ಕಾಗದ, ಅಂಕೆ ಇಳಿದಷ್ಟೂ ಹುಳಿ ಹೆಚ್ಚು) ಅದ್ದಿ ನೋಡಿ, 4.2ಕ್ಕಿಂತ ಕೆಳಗೆ ಬಂದಮೇಲೆ ಕುಡಿಯಿರಿ.

ಆರೋಗ್ಯಕ್ಕೆ ಏನು ಅಂತ ಎಲ್ಲರೂ ಕೇಳುತ್ತಾರೆ. ಕಾಫಿಯ ಕ್ಲೋರೊಜೆನಿಕ್ ಆಮ್ಲ, ಹುಳಿ ಬಂದಾಗ ಹುಟ್ಟುವ ಅಸಿಟಿಕ್ ಆಮ್ಲ, ಜೀವಂತ ಸೂಕ್ಷ್ಮಜೀವಿಗಳು, ಇವೆಲ್ಲ ಇದರಲ್ಲಿ ಇರುತ್ತವೆ. ಹೊಟ್ಟೆಗೆ ಒಳ್ಳೆಯದಿರಬಹುದು ಅನ್ನುವುದು ಇದರಿಂದಲೇ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ತೀರಾ ಕಡಿಮೆ. ಹಾಗಾಗಿ ಬಿಪಿ, ಶುಗರ್ ಮಾತ್ರೆ ಬಿಟ್ಟು ಇದನ್ನು ನಂಬಬೇಡಿ. ಇದರಲ್ಲಿ ಸಕ್ಕರೆಯೂ ಉಳಿದಿರುತ್ತದೆ, ಕೆಫೀನೂ ಇರುತ್ತದೆ, ಚೂರು ಆಲ್ಕೋಹಾಲೂ ಇರುತ್ತದೆ. ಬಸುರಿಯರು, ಚಿಕ್ಕ ಮಕ್ಕಳು, ಕೀಮೋ ತೆಗೆದುಕೊಳ್ಳುವವರು ಕುಡಿಯಬಾರದು. ಉಳಿದವರಿಗೆ ಅರ್ಧ ಲೋಟ ಸಾಕು. ಅಸಿಡಿಟಿ ಇದ್ದರೆ ಖಾಲಿ ಹೊಟ್ಟೆಗೆ ಬೇಡ. ರಾತ್ರಿಗಂತೂ ಬೇಡವೇ ಬೇಡ, ನಿದ್ದೆ ಹಾಳು.

ಸೋಡಾದ ಹಾಗೆ ಗ್ಯಾಸ್ ಬೇಕಿದ್ದರೆ ಒಂದು ಚೂರು ಶುಂಠಿ, ಜಜ್ಜಿದ ಏಲಕ್ಕಿ ಹಾಕಿ ಬಾಟಲಿಗೆ ತುಂಬಿ, ಒಂದೆರಡು ದಿನ ಹೊರಗಿಡಿ. ಮೇಲೆ ಎರಡು ಬೆರಳು ಜಾಗ ಬಿಡಿ. ದಪ್ಪ ಗಾಜಿನ ಬಾಟಲಿಯೇ ಆಗಬೇಕು, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು. ಆಮೇಲೆ ಫ್ರಿಜ್ಜಿಗೆ.