ಕಿಲ್ಟಿಗೆ ಹೊಂದುವ ಕೋಟು: ಮನೆಯಲ್ಲೇ ಕತ್ತರಿಸಿ ಹೊಲಿದ ನನ್ನ ಅನುಭವ

ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಸುತ್ತಿಕೊಳ್ಳುವ, ಹಿಂದೆ ನೆರಿಗೆಯಿರುವ ಚೌಕಳಿ ಲಂಗ. ಅದು ನಿಲ್ಲುವುದು ಪ್ಯಾಂಟ್ ನಿಲ್ಲುವ ಜಾಗದಲ್ಲಲ್ಲ. ಹೊಕ್ಕಳ ಮಟ್ಟಕ್ಕೆ, ಕೆಲವರಿಗೆ ಇನ್ನೂ ಸ್ವಲ್ಪ ಮೇಲಕ್ಕೆ ಬರುತ್ತದೆ. ಮಾಮೂಲಿ ಸೂಟಿನ ಕೋಟು ಹಿಂಭಾಗ ಪೂರ್ತಿ ಮುಚ್ಚುವಷ್ಟು ಉದ್ದ. ಇವೆರಡನ್ನೂ ಸೇರಿಸಿ ಹಾಕಿಕೊಂಡರೆ ಮೈ ಉದ್ದ, ಕಾಲು ಗಿಡ್ಡ ಕಾಣುತ್ತದೆ. ಹಿಂದಿನ ನೆರಿಗೆ ಮುಚ್ಚಿಹೋಗುತ್ತದೆ. ಮುಂದೆ ತೂಗುವ ಚರ್ಮದ ಚೀಲ, ಅಂದರೆ ಸ್ಪಾರನ್, ಕೋಟಿನ ಅಂಚಿನಡಿ ಅರ್ಧ ಅಡಗಿ ಕೂರುತ್ತದೆ. ನಮ್ಮ ಮೈಸೂರು ಕಡೆ ಹಿರಿಯರು ಕಚ್ಚೆಪಂಚೆ ಮೇಲೆ ಉದ್ದನೆಯ ಕೋಟು ಹಾಕುತ್ತಿದ್ದರು, ಅದಕ್ಕೆ ಅದೇ ಚಂದ. ಇಲ್ಲಿ ಲೆಕ್ಕ ಉಲ್ಟಾ.

ನಾನಿರುವುದು ಎಡಿನ್‌ಬರಾದಲ್ಲಿ. ಆಫೀಸಿನ ಗೆಳೆಯನ ಮದುವೆಗೆ ಕಿಲ್ಟ್ ಹಾಕಿಕೊಂಡೇ ಬರಬೇಕು ಅಂತ ಒತ್ತಾಯ. ಕಿಲ್ಟ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅದಕ್ಕೆಂದೇ ಹೊಲಿಯುವ ಆರ್ಗೈಲ್ ಕೋಟಿನ ಬೆಲೆ ನೋಡಿ ಸುಮ್ನೆ ಅಂಗಡಿಯಿಂದ ಹೊರಗೆ ಬಂದೆ. ಚಿಕ್ಕಪ್ಪನ ಟೈಲರ್ ಅಂಗಡಿಯಲ್ಲಿ ಕಾಜ ಹೊಲಿದು ಬೆಳೆದವನು ನಾನು. ಮನೆಯಲ್ಲಿ ಮೆಷಿನ್ ಕೂಡ ಇದೆ. ಹಳೇ ಕೋಟೊಂದನ್ನು ಬದಲಾಯಿಸಿಕೊಂಡರಾಯಿತು ಅನ್ನಿಸಿತು.

ಇಲ್ಲಿನ ಸ್ಟಾಕ್‌ಬ್ರಿಜ್ ಬಡಾವಣೆಯಲ್ಲಿ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಟ್ವೀಡ್ ಕೋಟುಗಳಿಗೆ, ಅಂದರೆ ದಪ್ಪ ಉಣ್ಣೆಬಟ್ಟೆಯ ಕೋಟುಗಳಿಗೆ, ಬರವಿಲ್ಲ. ಎಲ್ಲರೂ ಮೊದಲು ನೋಡುವುದು ಭುಜ ಮತ್ತು ಬಣ್ಣ. ಭುಜ ಸರಿ ಇರಲೇಬೇಕು, ಅದನ್ನು ಮನೆಯಲ್ಲಿ ಸರಿಪಡಿಸುವ ಉಸಾಬರಿ ಬೇಡ. ಆದರೆ ಈ ಕೆಲಸಕ್ಕೆ ಕೋಟು ಆರಿಸುವಾಗ ನನ್ನ ಕಣ್ಣು ಮೊದಲು ಹೋಗುವುದು ಜೇಬಿಗೆ. ಹೊರಗಿನಿಂದ ಅಂಟಿಸಿದಂತೆ ಹೊಲಿದ ಪ್ಯಾಚ್ ಜೇಬಿದ್ದರೆ ಅಲ್ಲೇ ಬಿಟ್ಟುಬಿಡಿ. ಕೆಳಗೆ ಕತ್ತರಿಸಿದರೆ ಜೇಬೂ ತುಂಡಾಗುತ್ತದೆ. ಬಿಚ್ಚಿ ಮೇಲೆ ಹೊಲಿದರೆ, ಅದರಡಿ ಬಿಸಿಲು ಕಾಣದ ಬಟ್ಟೆಯ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಬಾಯಿಯ ಮೇಲೆ ಮುಚ್ಚಳದಂಥ ಪಟ್ಟಿ ಇರುವ ಫ್ಲಾಪ್ ಜೇಬು ಒಳ್ಳೇದು. ಅದೂ ಎಷ್ಟು ಮೇಲಿದ್ದರೆ ಅಷ್ಟು ಲೇಸು. ಫ್ಲಾಪಿನ ಕೆಳ ಅಂಚಿನಿಂದ ಕೋಟಿನ ಅಂಚಿನವರೆಗೆ ಟೇಪು ಹಿಡಿದೆ. 15 ಸೆಂಟಿಮೀಟರ್ ಇತ್ತು. ಕೋಟು ಗಿಡ್ಡ ಮಾಡಲು 8 ಕಳೆದರೂ 7 ಉಳಿಯುತ್ತದೆ, ಸಾಕು.

ಇನ್ನೊಂದು ಮಾತು. ಚೌಕಳಿಯ ಕೋಟು ಬೇಡ. ಕಿಲ್ಟೇ ಚೌಕಳಿ, ಎರಡೂ ಜಗಳವಾಡುತ್ತವೆ. ನಾನು ತಂದದ್ದು ಬೂದು ಬಣ್ಣದ ಹೆರಿಂಗ್‌ಬೋನ್, ಅಂದರೆ ಮೀನಿನ ಮುಳ್ಳಿನಂಥ ಓರೆ ಗೆರೆಗಳ ನೇಯ್ಗೆ, ಒಳಗೆ ಹ್ಯಾರಿಸ್ ಟ್ವೀಡ್ ಚೀಟಿ. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯ ಮಗ್ಗದಲ್ಲೇ ನೇಯ್ದ ಬಟ್ಟೆಗೆ ಮಾತ್ರ ಈ ಹೆಸರು ಸಲ್ಲಬೇಕು ಅಂತ 1993ರ ಕಾನೂನೇ ಇದೆ. ಅಂಥದ್ದಕ್ಕೆ ಕತ್ತರಿ ಹಾಕಲು ಸ್ವಲ್ಪ ಸಂಕಟವಾಯಿತು, ನಿಜ.

ಅಳತೆಗೆ ಕಿಲ್ಟ್, ಬೆಲ್ಟ್, ಸ್ಪಾರನ್, ಶೂ ಎಲ್ಲವನ್ನೂ ಹಾಕಿಕೊಂಡು ನಿಲ್ಲಬೇಕು. ಪಿನ್ನು ಚುಚ್ಚಲು ಇನ್ನೊಬ್ಬರು ಬೇಕೇ ಬೇಕು. ಬಗ್ಗಿ ನೋಡಿದರೆ ಅಳತೆ ಕೆಡುತ್ತದೆ. "ರೀ, ಕೆಳಗೆ ನೋಡ್ಬೇಡಿ, ನೆಟ್ಟಗೆ ನಿಂತ್ಕೊಳ್ಳಿ" ಅಂತ ಹೆಂಡತಿಯಿಂದ ಬೈಸಿಕೊಂಡದ್ದೇ ಬೈಸಿಕೊಂಡದ್ದು. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಹತ್ತಿರ ಕೋಟು ಮುಗಿದರೆ ಉದ್ದ ಸರಿ. ಹಳೇ ಅಂಚಿಗೆ ಸಮಾನಾಂತರವಾಗಿ ಚಾಕಿನಲ್ಲಿ ಗೆರೆ ಎಳೆದೆ. ಮಡಚಲು ಅದರ ಕೆಳಗೆ 4 ಸೆಂಟಿಮೀಟರ್ ಬಿಟ್ಟೆ. ಕೆಳಗಡೆ ಲೈನಿಂಗ್ ಹೊಲಿಗೆ ಬಿಚ್ಚಿ, ಲೈನಿಂಗನ್ನು ಮೇಲಕ್ಕೆ ಸರಿಸಿ ಪಿನ್ನು ಹಾಕಿ, ಆಮೇಲೆ ಕತ್ತರಿ. ಹ್ಯಾರಿಸ್ ಟ್ವೀಡಿನ ನೇಯ್ಗೆ ಸಡಿಲ. ಕತ್ತರಿಸಿದ ಕೂಡಲೇ ಜಿಗ್‌ಜ್ಯಾಗ್ ಹೊಲಿಗೆ ಹಾಕದಿದ್ದರೆ ಎಳೆ ಎಳೆಯಾಗಿ ಉದುರುತ್ತದೆ. ಒಳಗಿನ ಜೇಬಿನ ಚೀಲ ಹೊಸ ಅಂಚಿಗಿಂತ ಕೆಳಗೆ ಜೋತಾಡುತ್ತಿತ್ತು. ಅದಕ್ಕೂ ಮೇಲೊಂದು ಹೊಲಿಗೆ ಹೊಡೆದು ಉಳಿದದ್ದನ್ನು ತೆಗೆದೆ. ಈಗ ಆ ಜೇಬಿನಲ್ಲಿ ಬೀಗದ ಕೈ ಹಿಡಿದರೆ ಹೆಚ್ಚು. ಉಳಿದದ್ದಕ್ಕೆ ಸ್ಪಾರನ್ ಇದೆಯಲ್ಲ!

ನಿಜವಾದ ಕೆಲಸ ಇರುವುದು ಮುಂಭಾಗದಲ್ಲಿ. ಸುಮ್ಮನೆ ಗಿಡ್ಡ ಮಾಡಿದರೆ ಅದು ಗಿಡ್ಡ ಮಾಡಿದ ಸೂಟು ಅಷ್ಟೇ. ಕಿಲ್ಟ್ ಕೋಟಿನ ಮುಂಭಾಗ ಗುಂಡಿಯ ಕೆಳಗಿನಿಂದಲೇ ಎರಡೂ ಕಡೆಗೆ ಬಾಗಿ ಸರಿದು, ಸ್ಪಾರನ್‌ಗೆ ಜಾಗ ಬಿಡುತ್ತದೆ. ಈ ಬಾಗನ್ನು ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿಕೊಂಡೆ. ಎರಡು ಗುಂಡಿಯ ಕೋಟಾದ್ದರಿಂದ ಮೇಲಿನ ಗುಂಡಿಯ ಸ್ವಲ್ಪ ಕೆಳಗೆ ಶುರು. ಕೆಳಗಿನ ಕಾಜ ಪೂರ್ತಿ ಕತ್ತರಿಗೆ ಹೋಗಬೇಕು. ಅರ್ಧ ಉಳಿದರೆ ಹರಿದ ಬಾಯಿಯ ಹಾಗೆ ಕಾಣುತ್ತದೆ. ಅತ್ತ ಜೇಬಿನ ಫ್ಲಾಪಿಗೂ ತಾಗಬಾರದು. ಇವೆರಡರ ನಡುವೆ ಸಿಗುವ ಜಾಗ ಅಷ್ಟಿಷ್ಟೇ, ಹಾಗಾಗಿ ಕಾಗದವನ್ನು ಸಾಕಷ್ಟು ಸಲ ತಿದ್ದಬೇಕಾಯಿತು. ಒಂದು ಕಡೆ ಗುರುತು ಮಾಡಿ, ಅದೇ ಕಾಗದ ಮಗುಚಿ ಇನ್ನೊಂದು ಕಡೆ ಗುರುತು ಮಾಡಿದರೆ ಎರಡೂ ಒಂದೇ ಆಗುತ್ತವೆ.

ಹೊರಬಟ್ಟೆಯನ್ನೂ, ಅದರ ಮುಂಚಿನ ಅಂಚಿಗೆ ಒಳಗಿನಿಂದ ಕೊಡುವ ಪಟ್ಟಿಯಾದ ಫೇಸಿಂಗನ್ನೂ ಒಳಮೈ ಹೊರಗಾಗಿ ಸೇರಿಸಿ, ಸಣ್ಣ ಹೊಲಿಗೆಯಲ್ಲಿ ಬಾಗಿನ ಗುಂಟ ಹೊಲಿದೆ. ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ. ಅದಕ್ಕೆ ಹೊಲಿಗೆಯ ಜೊತೆ ತೆಳು ಕಾಟನ್ ಪಟ್ಟಿಯನ್ನೂ ಸೇರಿಸಿದೆ. ಇದನ್ನು ಬಿಟ್ಟರೆ ತಿಂಗಳೊಳಗೆ ಅಂಚು ಅಲೆಅಲೆಯಾಗುತ್ತದೆ. ಹೊಲಿಗೆಯಾಚೆ ಒಳಗೆ ಉಳಿಯುವ ಬಟ್ಟೆಯ ಪದರಗಳನ್ನು ಒಂದೇ ಅಗಲಕ್ಕೆ ಕತ್ತರಿಸಬೇಡಿ. ಒಂದು ಜಾಸ್ತಿ, ಒಂದು ಕಮ್ಮಿ ಬಿಟ್ಟರೆ ಮೇಲಿನಿಂದ ಗೀರು ಕಾಣುವುದಿಲ್ಲ. ತಿರುಗಿಸಿದ ಮೇಲೆ, ಹೊಲಿಗೆ ಕೂದಲೆಳೆಯಷ್ಟು ಒಳಗೆ ಹೋಗುವಂತೆ ಬೆರಳಲ್ಲಿ ಉರುಳಿಸಿ ಕಚ್ಚಾ ಹೊಲಿಗೆ ಹಾಕಿದೆ. ಆಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ. ಹಬೆ ಏಳುತ್ತಿದ್ದಂತೆ ಮನೆಯೆಲ್ಲ ಒದ್ದೆ ಕುರಿಯ ವಾಸನೆ. ಇಸ್ತ್ರಿ ಎತ್ತಿದ ತಕ್ಷಣ ಮರದ ತುಂಡಿನಿಂದ ಅದುಮಿ ಹಿಡಿದು, ಆರುವವರೆಗೆ ಬಿಡಬಾರದು. ದಪ್ಪ ಟ್ವೀಡ್ ಮಣಿಯುವುದು ಇದಕ್ಕೇ.

ಉಳಿದದ್ದು ಮಾಮೂಲಿ. ಕೆಳಗಿನ ಮಡಿಕೆಗೆ ಕೈಯಲ್ಲಿ ಹೆಮ್ಮಿಂಗ್. ಲೈನಿಂಗನ್ನು ಬಿಗಿಯಾಗಿ ಎಳೆಯದೆ, ಸಣ್ಣದೊಂದು ಮಡಿಕೆ ಬಿಟ್ಟು ಹೊಲಿದೆ. ಬೆನ್ನ ನಡುವಿನ ಸ್ಲಿಟ್ ಮುಚ್ಚಿಬಿಟ್ಟೆ, ನೆರಿಗೆಯ ಮೇಲೆ ಅದು ಬಾಯಿ ಬಿಟ್ಟುಕೊಳ್ಳುತ್ತಿತ್ತು. ಪ್ಲಾಸ್ಟಿಕ್ ಗುಂಡಿ ಕಿತ್ತು ಕೊಂಬಿನ ಗುಂಡಿ ಹಾಕಿದೆ. ಇಷ್ಟು ಸಣ್ಣ ಬದಲಾವಣೆಯಿಂದ ಕೋಟಿನ ಗತ್ತೇ ಬೇರೆಯಾಯಿತು. ತೋಳನ್ನು ಮುಟ್ಟಲಿಲ್ಲ. ಆರ್ಗೈಲ್ ತೋಳಿಗೆ ಅಗಲ ಪಟ್ಟಿಯ ಕಫ್ ಇರುವುದುಂಟು, ಕತ್ತರಿಸಿ ಉಳಿದ ಬಟ್ಟೆಯಲ್ಲಿ ಅದನ್ನು ಮಾಡುವವರಿದ್ದಾರೆ. ನನಗೆ ಅಷ್ಟು ಅಲಂಕಾರ ಬೇಕೆನಿಸಲಿಲ್ಲ.

ಈ ಟ್ವೀಡ್ ಕೋಟು ಹಗಲಿನ ಮದುವೆ, ಊಟ, ತಿರುಗಾಟಕ್ಕೆ ಸರಿ. ರಾತ್ರಿಯ ಬ್ಲ್ಯಾಕ್ ಟೈ ಪಾರ್ಟಿಗೆ ಹಾಕುವ ಪ್ರಿನ್ಸ್ ಚಾರ್ಲಿ ಕೋಟಿನ ಕತ್ತರಿಕೆಯೇ ಬೇರೆ. ಮುಂದೆ ಸೊಂಟದ ಮಟ್ಟಕ್ಕೇ ನಿಲ್ಲುತ್ತದೆ, ಹಿಂದೆ ಗಿಡ್ಡ ಬಾಲ, ಒಳಗೆ ವೇಸ್ಟ್‌ಕೋಟ್. ಸೂಟಿನಿಂದ ಅದನ್ನು ಮಾಡಲು ಹೊರಡಬೇಡಿ, ಬಾಡಿಗೆಗೆ ಸಿಗುತ್ತದೆ.