ಮಲೆನಾಡಿನ ಮನೆಯೊಂದು ಜನಾಂಗಭೇದವನ್ನು ಕಳೆದುಕೊಳ್ಳುವ ಬಗೆ

ಸಮಾಜವು ಜನಾಂಗಭೇದವನ್ನು ಎಂದಾದರೂ ದಾಟೀತೇ ಎಂಬ ಪ್ರಶ್ನೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಜಗುಲಿಗಳಲ್ಲಿ ಬಂದಾಗ, ನಾವು ಸಾಮಾನ್ಯವಾಗಿ ಅಮೆರಿಕದ ಮಾತನ್ನೋ ದಕ್ಷಿಣ ಆಫ್ರಿಕಾದ ಮಾತನ್ನೋ ಆಡಿ ಮುಗಿಸುತ್ತೇವೆ. ಆ ದೇಶಗಳಿಂದ ಕಲಿಯಬೇಕಾದದ್ದು ಒಂದಿದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯು ಹೋಟೆಲು, ಚಿತ್ರಮಂದಿರಗಳಲ್ಲಿ ಕರಿಯರನ್ನು ಬೇರ್ಪಡಿಸುವುದನ್ನು ನಿಷೇಧಿಸಿದಾಗ ಅಲ್ಲಿನ ಬಿಳಿಯರೆಲ್ಲರ ಮನಸ್ಸು ತಿಳಿಯಾಗಿರಲಿಲ್ಲ. 1948ರಿಂದ ವರ್ಣಭೇದವನ್ನೇ ಆಡಳಿತ ನೀತಿಯಾಗಿಸಿಕೊಂಡಿದ್ದ ದಕ್ಷಿಣ ಆಫ್ರಿಕಾದಲ್ಲಿ 1994ರಲ್ಲಿ ಎಲ್ಲ ವರ್ಣದವರೂ ಮತ ಹಾಕಿದಾಗಲೂ ಆಗಿರಲಿಲ್ಲ. ಮೊದಲು ಬದಲಾದದ್ದು ಏರ್ಪಾಡು. ನಮ್ಮ ಮನೆಗಳಲ್ಲಿಯೂ ಕೆಲಸವನ್ನು ಏರ್ಪಾಡಿನಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಮುಂದೆ ಬರೆದಿರುವುದೆಲ್ಲ ಆ ನಂಬಿಕೆಯ ಮೇಲೆ ನಿಂತಿದೆ.

ಜಾತಿಯೂ ಜನಾಂಗವೂ ಒಂದೇ ಅಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಎಲ್ಲ ಬಗೆಯ ಜನಾಂಗಭೇದವನ್ನು ತೊಡೆಯಬೇಕೆಂದು ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿದ ಒಪ್ಪಂದಕ್ಕೆ ಭಾರತವು 1968ರಲ್ಲಿ ಬದ್ಧವಾಯಿತು. ಅದರ ವ್ಯಾಖ್ಯೆಯಲ್ಲಿ ಬಣ್ಣದ ಜೊತೆಗೆ ವಂಶವೂ ಸೇರಿದೆ; ಜಾತಿ ಅದರೊಳಗೆ ಬರುವುದಿಲ್ಲವೆಂದು ನಮ್ಮ ಸರ್ಕಾರ, ಬರುತ್ತದೆಂದು 2002ರಲ್ಲಿ ಒಪ್ಪಂದದ ಸಮಿತಿ ಹೇಳಿವೆ. ಮನೆಯ ಮಟ್ಟಿಗೆ ಈ ವಾದ ತೀರುವವರೆಗೆ ಕಾಯುವ ಅಗತ್ಯವಿಲ್ಲ. ಊರಿನ ದಲಿತ ಕೇರಿಯಿಂದ ಬರುವವರಿಗೆ, ಅಸ್ಸಾಂ, ಜಾರ್ಖಂಡಗಳಿಂದ ತೋಟದ ಕೆಲಸಕ್ಕೆ ಬಂದವರಿಗೆ, ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರಿಗೆ ಲೋಟವನ್ನು ಬೇರೆ ಇಡುವ ಕೈ ಒಂದೇ. ಸಿದ್ದಿಯರ ಪೂರ್ವಜರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲಾಗಿತ್ತು. ತಲೆಮಾರುಗಳಿಂದ ಕೊಂಕಣಿ, ಕನ್ನಡ ಆಡುತ್ತ ಬಂದಿರುವ ಅವರಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಇಷ್ಟಾದರೂ ಕೂದಲು, ಬಣ್ಣ ನೋಡಿ ‘ನಿಮ್ಮದು ಯಾವ ದೇಶ’ ಎಂದು ಅವರನ್ನು ಕೇಳುವವರಿದ್ದಾರೆ.

ಮೊದಲ ಕೆಲಸವಾಗಿ, ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಮನೆಯನ್ನು ಹೊರಗಿನಿಂದ ಒಳಗೆ ನೋಡುತ್ತ ಬನ್ನಿ. ಕೆಲಸಕ್ಕೆ ಬಂದವರು ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಯಾವುದರಲ್ಲಿ ಕಾಫಿ ಕುಡಿಯುತ್ತಾರೆ, ಕುಡಿದ ಲೋಟವನ್ನು ಯಾರು ತೊಳೆಯುತ್ತಾರೆ ಎಂಬುದನ್ನು ಗಮನಿಸಿ ಬರೆದಿಡಿ. ನನ್ನ ಬಾಲ್ಯದಲ್ಲಿ ನಮ್ಮ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿಟ್ಟಿರುತ್ತಿತ್ತು. ಅದನ್ನು ಬಳಸುತ್ತಿದ್ದವರು ತಾವೇ ತೆಗೆದು, ತಾವೇ ತೊಳೆದು, ತಾವೇ ಅಲ್ಲಿಡುತ್ತಿದ್ದರು. ಕಾಫಿಯನ್ನು ಮಾತ್ರ ನಾವು ಮೇಲಿನಿಂದ ಹೊಯ್ಯುತ್ತಿದ್ದೆವು. ಅದನ್ನು ಯಾರೂ ನನಗೆ ಕಲಿಸಲಿಲ್ಲ, ನೋಡಿಯೇ ಕಲಿತೆ, ಮತ್ತು ಅದನ್ನು ನೆನೆದಾಗ ಇಂದಿಗೂ ನನಗೆ ಸಂಕಟವಾಗುತ್ತದೆ. ಇಂದು ಅನೇಕ ಮನೆಗಳಲ್ಲಿ ಆ ಲೋಟದ ಜಾಗಕ್ಕೆ ಬಳಸಿ ಬಿಸಾಡುವ ಕಾಗದದ ಲೋಟ ಬಂದಿದೆ. ಮನೆಯವರೂ ನೆಂಟರೂ ಸ್ಟೀಲಿನ ಲೋಟದಲ್ಲಿ ಕುಡಿಯುವಾಗ ಕೆಲಸದವರಿಗೆ ಮಾತ್ರ ಕಾಗದದ್ದು ಕೊಟ್ಟರೆ ಹಳೆಯ ಭೇದವೇ ಶುಚಿತ್ವದ ಹೆಸರಿನಲ್ಲಿ ಮುಂದುವರಿದಂತೆ. ಎಲ್ಲರಿಗೂ ಒಂದೇ ಬಗೆಯ ಲೋಟ ಕೊಡಿ, ಎಲ್ಲವನ್ನೂ ಒಟ್ಟಿಗೇ ತೊಳೆಯಿರಿ. ಮನೆಯ ಹಿರಿಯರು ಒಪ್ಪದಿದ್ದರೆ ಅವರೊಡನೆ ವರ್ಷಗಟ್ಟಲೆ ವಾದಿಸುವ ಬದಲು, ಆ ಲೋಟಗಳನ್ನು ತೊಳೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಎರಡನೆಯದು ಮಾತು, ಕನ್ನಡದಲ್ಲಿ ಇದು ದೊಡ್ಡ ಕೆಲಸ. ನಮ್ಮ ಭಾಷೆಯಲ್ಲಿ ಮೇಲು ಕೀಳು ಕ್ರಿಯಾಪದದ ತುದಿಯಲ್ಲಿಯೇ ಕುಳಿತಿದೆ. ಅಡಿಕೆ ಕೊನೆ ಕೊಯ್ಯುವ, ಅರವತ್ತು ದಾಟಿದ ಕೊನೆಗಾರನನ್ನು ಹತ್ತು ವರ್ಷದ ಮಗು ‘ಬಾರೋ’ ಎನ್ನುವುದನ್ನೂ, ಕೆಲಸಕ್ಕೆ ಬರುವ ಹೆಂಗಸರ ಬಗ್ಗೆ ‘ಅವು ಬಂದ್ವಾ’ ಎಂದು ದನಕರುಗಳ ಬಗ್ಗೆ ಕೇಳುವಂತೆ ಕೇಳುವುದನ್ನೂ ಇಂದಿಗೂ ಕೇಳುತ್ತೇವೆ. ಹೊರರಾಜ್ಯದವರಿಗಂತೂ ಹೆಸರೇ ಇರುವುದಿಲ್ಲ. ಎಲ್ಲರೂ ‘ಹಿಂದಿಯವರು’, ಮುಖಲಕ್ಷಣ ಸ್ವಲ್ಪ ಬೇರೆಯಿದ್ದರೆ ‘ನೇಪಾಳಿಗಳು’. ಇಂದಿನಿಂದಲೇ ಹೆಸರು ಕೇಳಿ ತಿಳಿದು, ಸರಿಯಾಗಿ ಉಚ್ಚರಿಸಿ, ಬಹುವಚನದಲ್ಲಿ ಕರೆಯಿರಿ. ಆರಂಭದಲ್ಲಿ ಅವರಿಗೇ ಮುಜುಗರವಾಗಬಹುದು, ‘ಹಂಗೆಲ್ಲ ಕರಿಬ್ಯಾಡಿ ಅಯ್ಯಾ’ ಎನ್ನಬಹುದು. ಆ ಮುಜುಗರವನ್ನು ನೆಪವಾಗಿಸಿಕೊಂಡು ಹಳೆಯ ರೂಢಿಗೆ ಮರಳಬಾರದು. ಬಣ್ಣದ ಮಾತೂ ಹೀಗೆಯೇ. ಹೆಣ್ಣು ನೋಡಿ ಬಂದವರು ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಹೊಗಳುವಾಗ, ಆ ‘ಇದ್ದರೂ’ ಎಂಬುದರಲ್ಲಿಯೇ ತೀರ್ಪು ಮುಗಿದಿರುತ್ತದೆ. ಮನೆಯ ಮಕ್ಕಳು ಇದನ್ನು ಕೇಳಿಸಿಕೊಂಡರೆ ಅಲ್ಲಿಯೇ ತಿದ್ದಿ. ಚರ್ಮದ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಮೆಲನಿನ್ ಎಂಬ ವರ್ಣದ್ರವ್ಯ, ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ಅದು ದೇಹವನ್ನು ಕಾಯುತ್ತದೆ, ಯಾವುದೇ ಇಬ್ಬರು ಮನುಷ್ಯರ ವಂಶವಾಹಿ ಸುಮಾರು ಶೇಕಡ 99.9ರಷ್ಟು ಒಂದೇ ಎಂಬುದನ್ನು ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ.

ಮೂರನೆಯದಾಗಿ ಜೊತೆಗೂಡುವ ಸಂದರ್ಭಗಳನ್ನು ಕಲ್ಪಿಸಬೇಕು. ಬರೀ ಅಕ್ಕಪಕ್ಕ ಇದ್ದುದರಿಂದ ಪೂರ್ವಗ್ರಹ ಕರಗುವುದಿಲ್ಲ. ಹಾಗಿದ್ದರೆ ನಮ್ಮ ಊರುಗಳಲ್ಲಿ ಅದು ಎಂದೋ ಕರಗಬೇಕಿತ್ತು. ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲಿ ಇದಕ್ಕೆ ನಾಲ್ಕು ಷರತ್ತುಗಳನ್ನು ಗುರುತಿಸಿದ: ಸೇರಿದವರು ಅಲ್ಲಿ ಸಮಾನರಾಗಿರಬೇಕು, ಗುರಿ ಒಂದಾಗಿರಬೇಕು, ಅದಕ್ಕಾಗಿ ಪರಸ್ಪರ ನೆರವಾಗಬೇಕು, ಅಧಿಕಾರವುಳ್ಳವರ ಒಪ್ಪಿಗೆ ಇರಬೇಕು. ಅಡಿಕೆ ಸುಲಿಯುವ ಚಪ್ಪರವನ್ನು ಈ ಷರತ್ತುಗಳ ಮುಂದಿಟ್ಟು ನೋಡಿ. ಗುರಿ ಒಂದೇ, ನೆರವೂ ಇದೆ, ಆದರೆ ಯಜಮಾನರು ಕುರ್ಚಿಯಲ್ಲಿ, ಉಳಿದವರು ನೆಲದಲ್ಲಿ. ನೀವೂ ಮೆಟ್ಟುಗತ್ತಿ ಹಿಡಿದು ಅವರ ಸಾಲಿನಲ್ಲಿ ಕುಳಿತು ಸುಲಿಯಿರಿ, ಊಟದ ಹೊತ್ತಿಗೆ ಒಂದೇ ಪಂಕ್ತಿಯಲ್ಲಿ ಉಣ್ಣಿ. ಕೂಲಿಯ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬರೆಯಿರಿ, ಊರಿನವರಿಗೂ ಹೊರಗಿನವರಿಗೂ ಒಂದೇ ದರ ಇಡಿ. ಅಳತೆಯ ನ್ಯಾಯ ಈ ನೆಲಕ್ಕೆ ಸಣ್ಣ ವಿಷಯವಲ್ಲ: 1951ರಲ್ಲಿ ಸಾಗರದ ಕಡೆಯ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗವೇ ಒಂದು ಮುಖ್ಯ ತಕರಾರಾಗಿತ್ತು, ಮತ್ತು ಅಲ್ಲಿ ದೀವರ ಸಮುದಾಯದ ಗೇಣಿದಾರರು ಕೇಳಿದ್ದು ಭತ್ತದ ಲೆಕ್ಕದ ಜೊತೆಗೆ ತಮ್ಮ ಮರ್ಯಾದೆಯನ್ನೂ.

ಕಾನೂನನ್ನೂ ತಿಳಿದಿರಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಜಾರಿಯಲ್ಲಿವೆ. ಊರಿನ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರೆ, ದೇವಸ್ಥಾನದಲ್ಲಿ ಯಾರನ್ನಾದರೂ ತಡೆದರೆ, ದಿನಾಂಕ, ಸಮಯ, ಕಂಡವರ ಹೆಸರುಗಳನ್ನು ಅಂದೇ ಬರೆದಿಟ್ಟುಕೊಳ್ಳಿ. ನೊಂದವರು ದೂರು ಕೊಡಲು ಬಯಸಿದರೆ ಠಾಣೆಗೆ ಜೊತೆಯಲ್ಲಿ ಹೋಗಿ, ಸಾಕ್ಷಿ ಹೇಳಿ. 14566 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕರೆಮಾಡಬಹುದು. ನೊಂದವರನ್ನು ಕೇಳದೆ ಅವರ ಪರವಾಗಿ ನೀವೇ ಮುಂದಾಗಬೇಡಿ, ಏಕೆಂದರೆ ಮರುದಿನ ಅದೇ ಊರಿನಲ್ಲಿ ಕೂಲಿಗೆ ಹೋಗಬೇಕಾದವರು ಅವರು.

ಕೊನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಮನೆಗೆ ಕರೆದು ಊಟ ಹಾಕುವುದು ಸುಲಭ, ಅದರಲ್ಲಿ ನಾವು ಕೊಡುವವರಾಗಿಯೇ ಉಳಿಯುತ್ತೇವೆ. ಅವರ ಮನೆಯ ಮದುವೆಗೆ ಕರೆ ಬಂದಾಗ ಮುಯ್ಯಿ ಕೊಟ್ಟು, ಬಾಳೆಹಣ್ಣು, ಬಾಟಲಿಯ ಪಾನೀಯ ಮಾತ್ರ ಮುಟ್ಟಿ ಹಿಂದಿರುಗುವ ರೂಢಿ ನಮ್ಮಲ್ಲಿದೆ. ಮೇಲ್ಜಾತಿಯ ಅತಿಥಿಗಳಿಗೆಂದು ಬಡ ಕುಟುಂಬವೊಂದು ಬೇರೆ ಅಡುಗೆಯವರನ್ನು ಕರೆಸಿ ಖರ್ಚು ಮಾಡುವುದೂ ಇದೆ. ಕರೆ ಬಂದಾಗಲೇ ‘ನಮಗಾಗಿ ಬೇರೆ ಅಡುಗೆ ಬೇಡ, ನೀವು ಉಣ್ಣುವುದನ್ನೇ ಉಣ್ಣುತ್ತೇವೆ’ ಎಂದು ತಿಳಿಸಿ. ಮಾಂಸ ತಿನ್ನದವರಾದರೆ ಅನ್ನ ಸಾರು ಸಾಕೆನ್ನಿ. ಮಕ್ಕಳನ್ನು ಕರೆದುಕೊಂಡು ಊಟದ ಹೊತ್ತಿಗೆ ಮುಂಚೆಯೇ ಹೋಗಿ, ಚಪ್ಪರದಲ್ಲಿ ಎಲ್ಲರ ನಡುವೆ ಎಲೆಯ ಮುಂದೆ ಕುಳಿತು, ಅವರ ಮನೆಯ ಹೆಂಗಸರು ಬಡಿಸಿದ್ದನ್ನು ಉಂಡು, ಕುಡಿಯಲು ನೀರು ಬೇಕಾದಾಗ ಅವರ ಕೊಡದ ನೀರನ್ನೇ ಕೇಳಿ ಕುಡಿಯಿರಿ.