ದೈವಭಕ್ತರು ರಾಜಕೀಯಕ್ಕೆ ಇಳಿಯುವ ಮುನ್ನ, ಇಳಿದ ಮೇಲೆ

ದಿನವೂ ಪೂಜೆಯನ್ನೋ ನಮಾಜನ್ನೋ ಪ್ರಾರ್ಥನೆಯನ್ನೋ ತಪ್ಪಿಸದವರಲ್ಲಿ ಅನೇಕರು ರಾಜಕೀಯದ ಮಾತು ಬಂದ ಕೂಡಲೇ ಎದ್ದು ಹೋಗುತ್ತಾರೆ. ಅದು ಕೈ ಕೊಳೆಯಾಗುವ ಕೆಲಸ, ನಮ್ಮ ಆಚಾರಕ್ಕೆ ಒಗ್ಗುವಂಥದ್ದಲ್ಲ ಎಂಬುದು ಅವರ ಭಾವನೆ. ಇನ್ನು ಕೆಲವರು, ಇಳಿಯುವುದೇ ಆದರೆ ದೇವರ ಬಾವುಟ ಹಿಡಿದೇ ಇಳಿಯಬೇಕು ಎಂದುಕೊಳ್ಳುತ್ತಾರೆ. ನಾನು ಹಲವು ವರ್ಷ ನಮ್ಮೂರಿನ ದೇವಸ್ಥಾನದ ಜಾತ್ರಾ ಸಮಿತಿಯಲ್ಲಿ ದುಡಿದವನು, ಆಮೇಲೆ ಒಂದು ಅವಧಿಗೆ ಗ್ರಾಮ ಪಂಚಾಯಿತಿಯ ಸದಸ್ಯನಾಗಿದ್ದವನು. ನಂಬಿಕೆ ನಮ್ಮ ನಡತೆಯನ್ನು ಬಿಗಿಯಾಗಿ ಹಿಡಿದಿರಬೇಕು, ಆದರೆ ಮತ ಕೇಳುವ ಕೈಯಲ್ಲಿ ಅದು ಇರಬಾರದು ಎಂಬುದು ನಾನು ಅಲ್ಲಿ ಕಲಿತದ್ದು. ಈ ದಾರಿಯಲ್ಲಿ ಹೊಸದಾಗಿ ಹೆಜ್ಜೆ ಇಡುವವರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನಸ್ಸಿನಲ್ಲಿರುವ ಒಂದು ಅಳುಕನ್ನು ಕಳೆದುಕೊಳ್ಳಿ. ನಮ್ಮ ಸಂವಿಧಾನ ದೇವರನ್ನು ನಂಬುವವರನ್ನು ಹೊರಗಿಟ್ಟು ಬರೆದದ್ದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪ್ರಸ್ತಾವನೆಯ ಚರ್ಚೆ ನಡೆದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಅದು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕು ಎಂಬ ತಿದ್ದುಪಡಿ ತಂದರು. ಅದನ್ನು ವಿರೋಧಿಸಿದವರಲ್ಲಿ ಪಂಡಿತ ಹೃದಯನಾಥ ಕುಂಜ್ರು ಕೂಡ ಒಬ್ಬರು. ವಿಚಾರ, ನಂಬಿಕೆ, ಆರಾಧನೆಗಳ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಡುತ್ತೇವೆ ಎನ್ನುವ ಪ್ರಸ್ತಾವನೆಯಲ್ಲೇ ಹೀಗೆ ಮಾಡುವುದು ಆ ಮಾತಿಗೆ ಹೊಂದುವುದಿಲ್ಲ ಎಂಬುದು ಅವರ ವಾದವಾಗಿತ್ತು. ತಿದ್ದುಪಡಿಯ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದವು. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರಾಗಿರಲಿಲ್ಲ. ದೇವರ ಮೇಲಿನ ಭಕ್ತಿಯನ್ನು ಮತಕ್ಕೆ ಹಾಕಿ ಗೆಲ್ಲಿಸುವ ವಸ್ತುವನ್ನಾಗಿ ಮಾಡಬಾರದು ಎನ್ನುವ ಆಸ್ತಿಕರಿಗೂ ಆ ಸಭೆಯಲ್ಲಿ ಜಾಗವಿತ್ತು. ಭಕ್ತರಾಗಿದ್ದುಕೊಂಡೇ ಸಾರ್ವಜನಿಕ ಕೆಲಸ ಮಾಡುವವರು ಅಂಥವರನ್ನು ನೆನೆಯುವುದು ಒಳ್ಳೆಯದು.

ಕೆಲಸ ಶುರುವಾಗುವುದು ಮತದಾರರ ಪಟ್ಟಿಯಿಂದ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ, ಮನೆಯಲ್ಲಿ ಹದಿನೆಂಟು ತುಂಬಿದವರ ಹೆಸರು ಸೇರಿದೆಯೇ ಎಂದು ನೋಡಿಕೊಳ್ಳಿ. ಹೊಸ ಹೆಸರು ಸೇರಿಸಲು ನಮೂನೆ 6 ತುಂಬಬೇಕು. ಮೊದಲೆಲ್ಲ ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಾಂಕ ಜನವರಿ 1 ಒಂದೇ ಆಗಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ. ನಿಮ್ಮ ಗುಡಿಗೋ ಮಸೀದಿಗೋ ಚರ್ಚಿಗೋ ಬರುವ ಯುವಕರಿಗೆ ಇದನ್ನು ತಿಳಿಸುವುದರಲ್ಲಿ ಯಾವ ಪಕ್ಷಪಾತವೂ ಇಲ್ಲ. ಯಾರಿಗೆ ಮತ ಹಾಕಬೇಕು ಎಂದು ಹೇಳಹೊರಟರೆ ಮಾತ್ರ ಅಲ್ಲಿಂದ ಬೇರೆ ಪ್ರಶ್ನೆ ಹುಟ್ಟುತ್ತದೆ.

ಅದಾದ ಮೇಲೆ ವಾರ್ಡ್ ಸಭೆಗೆ ಹೋಗಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮನೆ, ರಸ್ತೆ, ಚರಂಡಿ, ಉದ್ಯೋಗ ಖಾತರಿ ಕಾಮಗಾರಿ, ಫಲಾನುಭವಿಗಳ ಆಯ್ಕೆ ಎಲ್ಲವೂ ಅಲ್ಲಿಂದಲೇ ಮೇಲೆ ಹೋಗಬೇಕಾದವು. ಮೊದಲ ಎರಡು ಸಭೆಗಳಲ್ಲಿ ಮಾತಾಡದೆ ಕುಳಿತು ಕೇಳುವುದು ಒಳ್ಳೆಯದು. ಯಾರು ಮಾತಾಡುತ್ತಾರೆ, ಯಾರು ಬಾಗಿಲ ಬಳಿಯೇ ನಿಂತು ಹೋಗುತ್ತಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಏನನ್ನು ಬರೆಯದೆ ತಲೆಯಾಡಿಸಿ ಬಿಡುತ್ತಾರೆ ಎಂಬುದನ್ನು ಗಮನಿಸಿ. ನಡಾವಳಿಯಲ್ಲಿ ಬರೆದದ್ದಕ್ಕಷ್ಟೇ ಮುಂದೆ ಜೀವ ಇರುತ್ತದೆ. ಬರೆದಿದ್ದಾರೋ ಇಲ್ಲವೋ ಎಂಬ ಅನುಮಾನವಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡುವುದು ಅವರ ಹೊಣೆ.

ಇಲ್ಲಿ ನನ್ನ ಒಂದು ಅನುಭವವನ್ನು ಹೇಳಲೇಬೇಕು. ಸದಸ್ಯನಾಗುವುದಕ್ಕೆ ಎರಡು ವರ್ಷ ಮೊದಲು, ಶಾಲೆಯ ಜಗುಲಿಯಲ್ಲಿ ನಡೆದ ವಾರ್ಡ್ ಸಭೆಯೊಂದರಲ್ಲಿ ನಾನು ತೇರಿನ ಬೀದಿಗೆ ಕಾಂಕ್ರೀಟ್ ಹಾಕಿಸಬೇಕೆಂದು ಎದ್ದು ನಿಂತೆ. ದೇವರ ತೇರು ಕೆಸರಿನಲ್ಲಿ ಹೂತುಕೊಳ್ಳುವುದು ಊರಿಗೆ ಶ್ರೇಯಸ್ಸಲ್ಲ ಎಂದೆ. ಹಲವರು ಚಪ್ಪಾಳೆ ತಟ್ಟಿದರು. ಆಮೇಲೆ ಕೆಳಗಿನ ಕೇರಿಯ ಒಬ್ಬ ಅಜ್ಜಿ, ಕಂಬಕ್ಕೆ ಒರಗಿಕೊಂಡು ನಿಂತಿದ್ದವರು, ತಮ್ಮ ಸ್ಮಶಾನದ ದಾರಿಯ ವಿಷಯ ತೆಗೆದರು. “ಮಳೆಗಾಲದಲ್ಲಿ ಹೆಣಕ್ಕೆ ನಾಲ್ಕು ಜನ ಹೆಗಲು ಕೊಡೋಕಾಗಲ್ಲ ಸ್ವಾಮಿ, ಗದ್ದೆ ಬದು ಮೇಲೆ ಇಬ್ಬರೇ ಹೋಗಬೇಕು” ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಆ ವರ್ಷ ನಮ್ಮ ವಾರ್ಡಿಗೆ ಒಂದೇ ಕಾಮಗಾರಿಗೆ ಆಗುವಷ್ಟು ಹಣವಿತ್ತು. ನಾನು ಮತ್ತೆ ಎದ್ದು, ಮೊದಲು ಸ್ಮಶಾನದ ದಾರಿ ಆಗಲಿ ಎಂದೆ. ನನ್ನ ಸಮಿತಿಯವರಲ್ಲಿ ಇಬ್ಬರು ಆರು ತಿಂಗಳು ನನ್ನೊಡನೆ ಮಾತು ಬಿಟ್ಟರು.

ಆ ಅಜ್ಜಿ ದೇವರ ಹೆಸರನ್ನೇ ಎತ್ತಲಿಲ್ಲ, ಆದರೂ ಅವರ ಮಾತನ್ನು ಅಲ್ಲಿದ್ದ ಯಾರೂ ತಳ್ಳಿಹಾಕುವಂತಿರಲಿಲ್ಲ. ನಮ್ಮ ನಂಬಿಕೆಯನ್ನು ಒಪ್ಪದ ನೆರೆಯವನೂ ತೂಗಿ ನೋಡಬಹುದಾದ ಕಾರಣವನ್ನು ಹೇಳಲು ಕಲಿಯುವುದೇ ಭಕ್ತನು ರಾಜಕೀಯದಲ್ಲಿ ಮಾಡಬೇಕಾದ ಮೊದಲ ಅಭ್ಯಾಸ. ಮರುವರ್ಷ ತೇರಿನ ಬೀದಿಯ ವಿಷಯ ಮತ್ತೆ ಬಂದಾಗ ನಾನು ತೇರಿನ ಸುದ್ದಿ ಎತ್ತಲಿಲ್ಲ. ಆ ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಚರಂಡಿ ಇಲ್ಲದೆ ಕೊಳಚೆ ನಿಂತು ಸೊಳ್ಳೆ ಹೆಚ್ಚಿದೆ, ಮಸೀದಿಗೆ ಹೋಗುವವರಿಗೂ ಅದೇ ದಾರಿ ಎಂದೆ. ಠರಾವು ಒಂದೇ ಮಾತಿಗೆ ಪಾಸಾಯಿತು. ನಮ್ಮನ್ನು ಸಭೆಗೆ ಕರೆದು ತಂದದ್ದು ಭಕ್ತಿಯೇ ಇರಬಹುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಭೆಯ ಮುಂದೆ ಇಡುವ ಕಾರಣ ಎಲ್ಲರಿಗೂ ಸೇರಿದ್ದಾಗಿರಬೇಕು.

ಸ್ಪರ್ಧಿಸುವ ಯೋಚನೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ನಿಮ್ಮ ಧಾರ್ಮಿಕ ಸಂಸ್ಥೆಯ ಹೊಣೆಯಿಂದ ಕೆಳಗಿಳಿಯುವುದು. ವ್ಯವಸ್ಥಾಪನಾ ಸಮಿತಿಯಲ್ಲೋ ಜಮಾತಿನಲ್ಲೋ ಚರ್ಚಿನ ಪಾಲನಾ ಮಂಡಳಿಯಲ್ಲೋ ಇದ್ದುಕೊಂಡೇ ಸ್ಪರ್ಧಿಸಬಾರದು ಎಂದು ಎಲ್ಲ ಕಡೆ ಕಾನೂನು ಹೇಳುತ್ತದೆ ಎಂದಲ್ಲ. ಹುಂಡಿಯ ಬೀಗದ ಕೈ ಇಟ್ಟುಕೊಂಡವರು ಮತ ಕೇಳಲು ಬಂದರೆ ಜನರಿಗೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ, ಕಾರಣ ಅಷ್ಟೇ. ಕಾನೂನಿನ ಮಾತನ್ನೂ ತಿಳಿದಿರಿ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯ ಪ್ರಕಾರ ಯಾವುದೇ ಧರ್ಮದ ಆರಾಧನಾ ಸ್ಥಳದ ಆವರಣವನ್ನಾಗಲಿ, ಹಣ ಅಥವಾ ಆಸ್ತಿಯನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ, ಸಂಸ್ಥೆ ನಡೆಸುವ ಉತ್ಸವ, ಮೆರವಣಿಗೆ, ಸಭೆಗಳನ್ನೂ ಅದಕ್ಕೆ ಒದಗಿಸುವಂತಿಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಂತವರ ಪ್ರಚಾರವೂ ಅಲ್ಲಿ ಹೇಳಿದ ರಾಜಕೀಯ ಚಟುವಟಿಕೆಯೊಳಗೆ ಬರುತ್ತದೆ. ತಪ್ಪಿದರೆ ಐದು ವರ್ಷದವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿವರೆಗೆ ದಂಡ ಇದೆ. ಆದ್ದರಿಂದ ದೇವಸ್ಥಾನದ ಮೈಕಿನಲ್ಲಿ ‘ನಮ್ಮವರೇ ನಿಂತಿದ್ದಾರೆ’ ಎಂಬ ಒಂದು ಸಾಲಿನ ಪ್ರಕಟಣೆಯೂ ಬೇಡ.

ಮೀಸಲಾತಿಯ ವಿಷಯದಲ್ಲಿ ನಂಬಿಕೆಗೆ ನೇರವಾಗಿ ತಾಗುವ ಒಂದು ನಿಯಮವಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಸಿಗುತ್ತದೆ. ಕ್ರೈಸ್ತ ಅಥವಾ ಇಸ್ಲಾಂ ಧರ್ಮವನ್ನು ಅನುಸರಿಸುವ ದಲಿತರು ಪರಿಶಿಷ್ಟ ಜಾತಿಗೆ ಮೀಸಲಾದ ಸ್ಥಾನಕ್ಕೆ ನಿಲ್ಲುವಂತಿಲ್ಲ. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಕಟ್ಟು ಇಲ್ಲ. ಇದು ನ್ಯಾಯವೇ ಎಂಬ ಚರ್ಚೆ ದೊಡ್ಡದು, ನನ್ನ ಮಟ್ಟಿಗೆ ನ್ಯಾಯವಲ್ಲ. ಆದರೂ ನಾಮಪತ್ರ ತುಂಬುವ ಮುಂಚೆಯೇ ಇದನ್ನು ತಿಳಿದಿದ್ದರೆ ಗೆದ್ದ ಮೇಲೆ ಸ್ಥಾನ ಕಳೆದುಕೊಳ್ಳುವ ಸಂಕಟ ತಪ್ಪುತ್ತದೆ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, ಇದು ಹೊಸಬರಿಗೆ ಅನುಕೂಲ. ಅದಕ್ಕಿಂತ ಮೇಲಕ್ಕೆ ಹೋಗುವವರು ಪಕ್ಷವನ್ನು ಆರಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಶ್ರದ್ಧೆ ಕಲಿಸಿದ್ದೆಲ್ಲವನ್ನೂ ಒಪ್ಪುವ ಪಕ್ಷ ಸಿಗುವುದಿಲ್ಲ. ಬಡವರ ಬಗ್ಗೆ ನಿಮ್ಮ ಮನಸ್ಸಿಗೆ ಹತ್ತಿರವಿರುವ ಪಕ್ಷ ಇನ್ನೊಂದು ವಿಷಯದಲ್ಲಿ ದೂರವಿರಬಹುದು. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಪ್ರಾಣ ಹೋದರೂ ಬಿಡಲಾರೆ ಎಂದು ಸೇರುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸೇರಿದ ಮೇಲೆ ಬರೆಯಲು ಕುಳಿತರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಪ್ರಚಾರದ ಹೊತ್ತಿನಲ್ಲಿ ಭಕ್ತನ ನಿಜವಾದ ಪರೀಕ್ಷೆ ನಡೆಯುತ್ತದೆ. ಶಾಸನಸಭೆ, ಲೋಕಸಭೆ ಚುನಾವಣೆಗಳಿಗೆ ಅನ್ವಯಿಸುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮು ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎಂದು ಕರೆಯುತ್ತದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ನಾಲ್ಕು–ಮೂರರ ಬಹುಮತದಿಂದ ಹೇಳಿತು. ಅದೇ ಕಲಮಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ. ಹೀಗೆ ಮತ ಹಾಕದಿದ್ದರೆ ದೈವದ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರನನ್ನು ನಂಬಿಸುವುದು ಅನುಚಿತ ಪ್ರಭಾವ ಎನಿಸಿಕೊಳ್ಳುತ್ತದೆ.

ಇದು ಪುಸ್ತಕದಲ್ಲಿ ಮಾತ್ರ ಇರುವ ಸಂಗತಿಯಲ್ಲ. ಚುನಾವಣೆಯ ಹಿಂದಿನ ರಾತ್ರಿ ಮನೆಮನೆಗೆ ಹೋಗಿ, ಮಡಿಚಿದ ನೋಟಿನ ಜೊತೆ ಅರಿಸಿನ ಕುಂಕುಮದ ಪೊಟ್ಟಣ ಕೊಟ್ಟು, ದೇವರ ಫೋಟೊ ಮುಟ್ಟಿಸಿ ಆಣೆ ಹಾಕಿಸುವುದನ್ನು ಹಳ್ಳಿಗಳಲ್ಲಿ ಬೆಳೆದವರೆಲ್ಲ ಬಲ್ಲರು. ನಾನು ನಿಂತಾಗ ಎದುರಿನವರ ಕಡೆಯಿಂದ ಹಾಗೆ ನಡೆಯಿತು, ನನ್ನ ಕಡೆಯ ಹುಡುಗರೂ ಅದನ್ನೇ ಮಾಡಲು ಫೋಟೊ ಸಿದ್ಧಮಾಡಿಕೊಂಡಿದ್ದರು. ಫೋಟೊವನ್ನು ನಾನೇ ತೆಗೆದುಕೊಂಡು ಹೋಗಿ ನಮ್ಮ ದೇವರ ಮನೆಯಲ್ಲಿಟ್ಟೆ. ಮಾರನೆಯ ಬೆಳಗ್ಗೆ ಒಬ್ಬ ತಾಯಿ ನಮ್ಮ ಹಿತ್ತಲಿಗೆ ಬಂದು, ಆಣೆ ಇಟ್ಟುಬಿಟ್ಟಿದ್ದೇನೆ, ತಪ್ಪಿದರೆ ಮೊಮ್ಮಗುವಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು. ಅವರ ಕೈ ನಡುಗುತ್ತಿತ್ತು. ನನಗೆ ಮತ ಹಾಕಿ ಎಂದು ಆ ಹೊತ್ತಿನಲ್ಲಿ ಹೇಳಿದ್ದರೆ ನಾನೂ ಅದೇ ಹೆದರಿಕೆಯ ಮೇಲೆ ನನ್ನ ಲೆಕ್ಕ ಬರೆದಂತಾಗುತ್ತಿತ್ತು. “ಅವ್ವಾ, ಹೆದರಿಸಿ ಹಾಕಿಸಿದ ಆಣೆಗೆ ದೇವರು ಸಾಕ್ಷಿ ನಿಲ್ಲೋದಿಲ್ಲ. ಯಾರಿಗಾದರೂ ಹಾಕಿ, ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ” ಎಂದೆ. ಅವರು ಯಾರಿಗೆ ಹಾಕಿದರು ಎಂದು ಈವರೆಗೂ ಕೇಳಿಲ್ಲ. ದೇವರನ್ನು ನಂಬುವ ಅಭ್ಯರ್ಥಿಗೆ ಈ ಆಣೆಯ ವ್ಯವಹಾರ ಕಂಡಾಗ ಇತರರಿಗಿಂತ ಹೆಚ್ಚು ನೋವಾಗಬೇಕು, ಏಕೆಂದರೆ ಅಲ್ಲಿ ಮಾರಾಟವಾಗುತ್ತಿರುವುದು ಅವನೇ ಕೈಮುಗಿಯುವ ಹೆಸರು. ನಿಮ್ಮ ಕಾರ್ಯಕರ್ತರಿಗೆ ಪ್ರಚಾರದ ಮೊದಲ ದಿನವೇ ಇದನ್ನು ಸ್ಪಷ್ಟವಾಗಿ ಹೇಳಿ, ಕೊನೆಯ ರಾತ್ರಿ ನೀವೇ ಕೇರಿಯಲ್ಲಿ ಓಡಾಡಿ.

ಮಠದಿಂದಲೋ ಧರ್ಮಗುರುಗಳಿಂದಲೋ ಬೆಂಬಲದ ಮಾತು ತಾನಾಗಿ ಬಂದರೆ ಏನು ಮಾಡಬೇಕು ಎಂದು ಅನೇಕರು ಕೇಳುತ್ತಾರೆ. ಆಶೀರ್ವಾದ ಪಡೆಯುವುದು ನಿಮ್ಮ ಸ್ವಂತ ವಿಷಯ, ಹೋಗಿ ಕಾಲಿಗೆ ಬಿದ್ದು ಬನ್ನಿ. ಅದರ ಫೋಟೊವನ್ನು ಕರಪತ್ರಕ್ಕೆ ಹಾಕಬೇಡಿ, ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಬೇಡಿ.

ಗೆದ್ದರೆ ಇನ್ನೊಂದು ಬಗೆಯ ಒತ್ತಡ ಬರುತ್ತದೆ. ನಿಮ್ಮದೇ ಸಮುದಾಯದವರು ‘ನಮ್ಮವನು ಗೆದ್ದಿದ್ದಾನೆ’ ಎಂದು ಗುಡಿಯ ಗೋಪುರಕ್ಕೆ, ಶಾದಿಮಹಲಿಗೆ, ಚರ್ಚಿನ ಕಾಂಪೌಂಡಿಗೆ ಅನುದಾನ ಕೇಳುತ್ತಾ ಬರುತ್ತಾರೆ. ಯಾವುದೇ ಒಂದು ಧರ್ಮವನ್ನು ಪೋಷಿಸಲೆಂದು ತೆರಿಗೆ ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 27ನೇ ವಿಧಿ ಹೇಳುತ್ತದೆ. ನಮ್ಮ ರಾಜ್ಯದ ಹೆಸರಿನೊಂದಿಗೇ ಬೆಸೆದುಕೊಂಡ ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ಒಮ್ಮೆಯಾದರೂ ಓದಿಕೊಳ್ಳಿ. 1989ರಲ್ಲಿ, ಮುಖ್ಯಮಂತ್ರಿಯಾಗಿದ್ದ ಅವರ ಸರ್ಕಾರವನ್ನು ವಜಾ ಮಾಡಿದ್ದರಿಂದ ಹುಟ್ಟಿದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರಲ್ಲಿ ತೀರ್ಪು ಕೊಟ್ಟು, ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಲಕ್ಷಣ ಎಂದಿತು. ನಾನು ಇಟ್ಟುಕೊಂಡ ನಿಯಮ ಸರಳವಾಗಿತ್ತು. ಜಾತ್ರೆಗೂ ಉರುಸಿಗೂ ನನ್ನ ಜೇಬಿನಿಂದ, ನನ್ನ ಹೆಂಡತಿಗೆ ತಿಳಿಸಿ, ಕೈಲಾದಷ್ಟು ಕೊಡುತ್ತಿದ್ದೆ. ಪಂಚಾಯಿತಿಯ ಹಣದಿಂದ ಜಾತ್ರೆಯ ದಿನ ಮಾಡಿಸುತ್ತಿದ್ದದ್ದು ಕುಡಿಯುವ ನೀರು, ಬೀದಿ ದೀಪ, ಶೌಚಾಲಯ, ಮರುದಿನದ ಕಸ ವಿಲೇವಾರಿ. ಅವನ್ನು ಉರುಸಿಗೂ ಮೇರಿ ಹಬ್ಬಕ್ಕೂ ಅದೇ ಅಳತೆಯಲ್ಲಿ ಮಾಡಿಸಿದೆ.

ನಿಮ್ಮ ನಿತ್ಯದ ಪೂಜೆ, ಉಪವಾಸ, ಪ್ರಾರ್ಥನೆಗಳನ್ನು ಈ ಓಡಾಟದಲ್ಲಿ ಬಿಡಬೇಡಿ. ಸದಸ್ಯನಾದ ಮೊದಲ ವರ್ಷ ಬೆಳಗ್ಗೆ ಐದೂವರೆಗೇ ಬಾಗಿಲು ತಟ್ಟುವವರಿದ್ದರು, ನನ್ನ ಪೂಜೆ ತಪ್ಪತೊಡಗಿತು, ಅದರ ಹಿಂದೆಯೇ ತಾಳ್ಮೆಯೂ ತಪ್ಪಿತು. ಆಮೇಲೆ ಏಳು ಗಂಟೆಗೆ ಮುಂಚೆ ಯಾರನ್ನೂ ನೋಡುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಆಸ್ಪತ್ರೆ, ಹೆರಿಗೆ, ಸಾವು ಇವುಗಳಿಗೆ ಮಾತ್ರ ಆ ಚೀಟಿ ಅನ್ವಯಿಸುವುದಿಲ್ಲ ಎಂದು ಅದರ ಕೆಳಗೇ ಬರೆದಿದ್ದೆ. ನಿಮ್ಮ ಧರ್ಮದವರಲ್ಲದ ಒಬ್ಬರನ್ನು, ನಿಮ್ಮ ತಪ್ಪನ್ನು ಮುಖಕ್ಕೇ ಹೇಳಬಲ್ಲವರನ್ನು, ತಿಂಗಳಿಗೊಮ್ಮೆ ಮನೆಗೆ ಕರೆದು ಕಾಫಿ ಕೊಟ್ಟು ಆ ತಿಂಗಳ ಠರಾವುಗಳನ್ನು ಅವರ ಮುಂದೆ ಓದಿ. ನನಗೆ ಹಾಗೆ ಒದಗಿದವರು ಕೇರಿಯ ಒಬ್ಬ ನಿವೃತ್ತ ಮೇಷ್ಟ್ರು, ದೇವರನ್ನು ನಂಬದವರು. ಉರುಸಿನ ದಿನ ನೀರಿನ ಟ್ಯಾಂಕರ್ ಒಂದು ಗಂಟೆ ತಡವಾಗಿ ಬಂದದ್ದನ್ನು ನೆನಪಿಟ್ಟುಕೊಂಡು ಕೇಳಿದವರು ಅವರೊಬ್ಬರೇ. ಮರುವರ್ಷ ಬೆಳಗ್ಗೆ ಆರಕ್ಕೇ ನಾನು ಟ್ಯಾಂಕರಿನ ಪಕ್ಕ ನಿಂತಿದ್ದೆ.